ಹಳ್ಳಿಯ ಬಸ್ಸು ಯಾರ ಹೊಣೆ? ಗ್ರಾಮೀಣ ಸಾರಿಗೆ ನೀತಿಯ ಒಂದು ಸಮೀಕ್ಷೆ

ಪ್ರತಿ ವರ್ಷ ಶಾಲೆ–ಕಾಲೇಜು ಶುರುವಾದ ಒಂದೆರಡು ವಾರಕ್ಕೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಬಸ್ಸು ನಿಲ್ಲಿಸದೆ ಹೋಯಿತೆಂದು ವಿದ್ಯಾರ್ಥಿಗಳು ರಸ್ತೆಗೆ ಅಡ್ಡ ಕೂತರು, ಘಟಕ ವ್ಯವಸ್ಥಾಪಕರು ಸ್ಥಳಕ್ಕೆ ಬಂದು ಹೆಚ್ಚುವರಿ ಬಸ್ ಬಿಡುವ ಭರವಸೆ ಕೊಟ್ಟರು, ಪ್ರತಿಭಟನೆ ಕೈಬಿಡಲಾಯಿತು. ಮರುವರ್ಷ ಬೇರೊಂದು ತಾಲ್ಲೂಕಿನಿಂದ ಅದೇ ಸುದ್ದಿ. ಭರವಸೆ ಕೊಡುವ ಅಧಿಕಾರಿಯ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಇಂಥ ಊರಿಗೆ ದಿನಕ್ಕೆ ಇಷ್ಟು ಬಸ್ ಬರಲೇಬೇಕು ಎಂಬ ಮಾತು ಯಾವ ಕಾನೂನಿನಲ್ಲೂ ಇಲ್ಲದಿರುವಾಗ, ಆ ಭರವಸೆಯ ಆಯುಷ್ಯ ಅವರ ವರ್ಗಾವಣೆಯವರೆಗೆ ಮಾತ್ರ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ನೂರು ಜನರಲ್ಲಿ 61 ಮಂದಿ ಹಳ್ಳಿಗಳಲ್ಲಿದ್ದರು. ಜನವಸತಿಯಿರುವ ಹಳ್ಳಿಗಳು 27 ಸಾವಿರಕ್ಕೂ ಹೆಚ್ಚು. ಪಿಯು ಕಾಲೇಜು, ತಾಲ್ಲೂಕು ಆಸ್ಪತ್ರೆ, ಎಪಿಎಂಸಿ, ನ್ಯಾಯಾಲಯ, ಗಾರ್ಮೆಂಟ್ಸ್ ಕೆಲಸ ಎಲ್ಲವೂ ಇರುವುದು ಪೇಟೆಯಲ್ಲಿ. ನಡುವಿನ ಹತ್ತಿಪ್ಪತ್ತು ಕಿಲೊಮೀಟರ್ ದಾಟಿಸುವ ಹೊಣೆ ಯಾರದು? ನಿಗಮದ್ದೇ, ಖಾಸಗಿ ಮಾಲೀಕರದ್ದೇ, ಪಂಚಾಯಿತಿಯದ್ದೇ, ಅಥವಾ ಅವರವರದ್ದೇ? ಎಪ್ಪತ್ತೈದು ವರ್ಷಗಳಲ್ಲಿ ಈ ಪ್ರಶ್ನೆಗೆ ಬಂದಿರುವ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ನಾಲ್ಕು ಸೀಮೆಯ ಬಸ್ಸುಗಳು

ಇಂದು ಕಾಣುವ ಏರುಪೇರಿನ ಬೇರು ಏಕೀಕರಣಕ್ಕೂ ಹಿಂದಿನದು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ಸರ್ಕಾರ 1932ರಲ್ಲೇ ತನ್ನ ರೈಲ್ವೆಯ ಅಂಗವಾಗಿ 27 ಬಸ್‌ಗಳೊಂದಿಗೆ ಸರ್ಕಾರಿ ಸಾರಿಗೆ ಆರಂಭಿಸಿತ್ತು. ಮುಂಬೈ ಪ್ರಾಂತ್ಯದಲ್ಲಿ 1948ರ ಜೂನ್‌ನಲ್ಲಿ ಸರ್ಕಾರಿ ಬಸ್ ರಸ್ತೆಗಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್‌ಗಳೊಂದಿಗೆ ಶುರುವಾಯಿತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮಾತ್ರ ಖಾಸಗಿ ಕಂಪನಿಗಳ ಬಸ್ಸೇ ಬಸ್ಸು. ಈಗಲೂ ಬೀದರ್‌ನ ಹಳ್ಳಿಯವರು ನಿಗಮದ ಬಸ್ಸಿಗೆ, ಕಾರ್ಕಳದ ಹಳ್ಳಿಯವರು ಖಾಸಗಿ ಬಸ್ಸಿಗೆ ಕೈ ಒಡ್ಡುವುದಕ್ಕೆ ಆ ಕಾಲದ ಗಡಿಗಳೂ ಕಾರಣ.

1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ರಾಜ್ಯಗಳಿಗೆ ನಿಗಮ ಕಟ್ಟುವ ಅಧಿಕಾರ ಕೊಟ್ಟಿತು. 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ, ಒಂದು ಮಾರ್ಗವನ್ನೋ ಒಂದು ಪ್ರದೇಶವನ್ನೋ ಪೂರ್ತಿಯಾಗಿ ಸರ್ಕಾರಿ ಸಂಸ್ಥೆಗೆ ಮೀಸಲಿಡಲು ದಾರಿ ಮಾಡಿತು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. ರಾಷ್ಟ್ರೀಕರಣದ ಯೋಜನೆಗಳು ಒಂದೊಂದೇ ಜಿಲ್ಲೆಗೆ ಹಬ್ಬಿದವು, 1976ರಲ್ಲಿ ಒಪ್ಪಂದ ವಾಹನಗಳನ್ನೂ ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಂಡಿತು. ಕರಾವಳಿ ಮತ್ತು ಮಲೆನಾಡಿನ ಬಹುಭಾಗ ಈ ಬಲೆಯ ಹೊರಗೇ ಉಳಿಯಿತು.

1997ರಲ್ಲಿ ಬೆಂಗಳೂರಿನ ಬಸ್ ಸೇವೆ ಪ್ರತ್ಯೇಕ ಸಂಸ್ಥೆಯಾಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ವಾಯವ್ಯ ನಿಗಮ, 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ನಿಗಮ ಬಂದವು. ಈಶಾನ್ಯ ನಿಗಮಕ್ಕೆ 2021ರಿಂದ ಕಲ್ಯಾಣ ಕರ್ನಾಟಕ ಎಂಬ ಹೆಸರು. ಆಡಳಿತ ಜನರಿಗೆ ಹತ್ತಿರವಾಗಲಿ ಎಂಬ ಆಶಯದಿಂದ ಆದ ಈ ವಿಂಗಡಣೆ ಇನ್ನೊಂದು ಬದಲಾವಣೆಯನ್ನೂ ತಂದಿತು. ಬೆಂಗಳೂರಿನಿಂದ ಹೊರಡುವ ದೂರದ ಐಷಾರಾಮಿ ಬಸ್ಸುಗಳ ಗಳಿಕೆ ಒಂದು ನಿಗಮಕ್ಕೆ, ಉತ್ತರದ ಹಳ್ಳಿ ಮಾರ್ಗಗಳ ನಷ್ಟ ಇನ್ನೊಂದಕ್ಕೆ ಎನ್ನುವಂತಾಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉತ್ತರ ಕರ್ನಾಟಕದವು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಕಿಲೊಮೀಟರ್ ಲೆಕ್ಕದ ಗಂಟು

ಯಾವ ವಾದವನ್ನು ತೂಗುವ ಮೊದಲೂ ಹಳ್ಳಿ ಬಸ್ಸಿನ ಲೆಕ್ಕ ಅರ್ಥವಾಗಬೇಕು. ಬೆಳಿಗ್ಗೆ ಏಳೂವರೆಗೆ ಊರಿಂದ ಪೇಟೆಗೆ ಹೊರಡುವ ಬಸ್ಸಿನಲ್ಲಿ ಬಾಗಿಲಲ್ಲಿ ಜೋತುಬೀಳುವಷ್ಟು ಜನ. ಅದೇ ಬಸ್ಸು ಮತ್ತೆ ಹಳ್ಳಿಯ ಕಡೆ ತಿರುಗಿದಾಗ ಹತ್ತು ಸೀಟೂ ತುಂಬುವುದಿಲ್ಲ. ಹನ್ನೊಂದರಿಂದ ಮೂರರವರೆಗೆ ಎರಡೂ ದಿಕ್ಕಿನಲ್ಲಿ ಖಾಲಿ. ಬೆಳಗಿನ ಟ್ರಿಪ್ಪಿನಲ್ಲಿ ತುಂಬಿರುವವರು ಬಹುಪಾಲು ಪಾಸಿನ ಮಕ್ಕಳು. ಡೀಸೆಲ್ ಮಾತ್ರ ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಚಾಲಕ, ನಿರ್ವಾಹಕರ ಸಂಬಳವೂ ಅಷ್ಟೇ.

ಮುಂಜಾನೆ ಊರಿಂದ ಹೊರಡಬೇಕಾದ ಬಸ್ಸು ಹಿಂದಿನ ರಾತ್ರಿಯೇ ಊರಲ್ಲಿರಬೇಕು. ಉತ್ತರ ಕರ್ನಾಟಕದವರು ವಸ್ತಿ ಬಸ್ಸು ಎನ್ನುವ, ಈ ಕಡೆಯವರು ನೈಟ್ ಹಾಲ್ಟ್ ಎನ್ನುವ ವ್ಯವಸ್ಥೆ ಅದು. ಸಿಬ್ಬಂದಿ ಗುಡಿಯ ಜಗಲಿಯಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗಿ ಬೆಳಗು ಮಾಡುತ್ತಾರೆ. ಹಳ್ಳಿಯ ಎಷ್ಟೋ ಮಕ್ಕಳ ಕಾಲೇಜು ಕಲಿಕೆ ನಿಂತಿರುವುದು ಈ ಒಂದು ಬಸ್ಸಿನ ಮೇಲೆ. ಆದರೆ ಡಿಪೊದಲ್ಲಿ ಬಸ್ ಕೊರತೆಯಾದಾಗ, ಜಾತ್ರೆಗೋ ರಾಜಕೀಯ ಸಮಾವೇಶಕ್ಕೋ ಬಸ್ ಕಳುಹಿಸಬೇಕಾದಾಗ ಮೊದಲು ರದ್ದಾಗುವುದೂ ಇಂಥ ಟ್ರಿಪ್ಪುಗಳೇ. ಪ್ರತಿ ಕಿಲೊಮೀಟರಿಗೆ ಎಷ್ಟು ಗಳಿಕೆ ಎಂಬ ಅಳತೆಗೋಲಿನಲ್ಲಿ ಅವು ಯಾವತ್ತೂ ಕೊನೆಯ ಸಾಲಿನವು.

ರಸ್ತೆ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಗಳಿಗೆ ಡಾಂಬರು ತಂದಿತು. ಡಾಂಬರಿನ ಬೆನ್ನಿಗೇ ಬೈಕು ಬಂತು. ಟಿಕೆಟ್ ಕೊಂಡು ಹೋಗುತ್ತಿದ್ದ ದುಡಿಯುವ ಗಂಡಸರು ಬೈಕ್ ಹತ್ತಿದರು. ಬಸ್ಸಿಗೆ ಕಾಯುವವರು ಹೆಂಗಸರು, ಮುದುಕರು, ಮಕ್ಕಳು. ಬಸ್ಸನ್ನೇ ನೆಚ್ಚಿದವರಿಗೆ ಕೊಡುವ ಶಕ್ತಿ ಕಡಿಮೆ, ಕೊಡುವ ಶಕ್ತಿಯಿದ್ದವರಿಗೆ ಬಸ್ಸು ಬೇಕಿಲ್ಲ ಎಂಬ ಈ ಗಂಟನ್ನು ಬಿಡಿಸಲೆಂದೇ ಮುಂದಿನ ಎಲ್ಲ ವಾದಗಳೂ ಹುಟ್ಟಿವೆ.

ನಿಗಮವೇ ಓಡಿಸಲಿ ಎನ್ನುವವರು

ಮೊದಲ ವಾದ ರಾಷ್ಟ್ರೀಕರಣದ ಕಾಲದ್ದು. ಲಾಭದ ಮಾರ್ಗವನ್ನೂ ನಷ್ಟದ ಮಾರ್ಗವನ್ನೂ ಒಂದೇ ಸಂಸ್ಥೆ ನಡೆಸಿದರೆ ಅದರ ಗಳಿಕೆಯಿಂದ ಇದರ ನಷ್ಟ ತುಂಬುತ್ತದೆ. ಲಾಭದ ಮಾರ್ಗವನ್ನು ಖಾಸಗಿಯವರಿಗೆ ಬಿಟ್ಟರೆ ಹಳ್ಳಿಯ ಬಸ್ಸಿಗೆ ಅನ್ನವಿಲ್ಲ. ಪಕ್ಕದ ಮಹಾರಾಷ್ಟ್ರದ ಸಾರಿಗೆ ಸಂಸ್ಥೆ ರಸ್ತೆಯಿದ್ದಲ್ಲೆಲ್ಲ ಎಸ್‌.ಟಿ. ಬಸ್ಸು ಎಂಬುದನ್ನೇ ಘೋಷವಾಕ್ಯ ಮಾಡಿಕೊಂಡಿತು.

ಈ ವಾದಕ್ಕೆ ಬಲ ಕೊಡುವ ಸಂಗತಿಗಳಿವೆ. ಮೈಸೂರು, ಮಂಡ್ಯ, ಹಾಸನ, ಧಾರವಾಡದ ಕಡೆ ಕೆಂಪು ಬಸ್ಸು ಕಾಣದ ಹಳ್ಳಿ ಅಪರೂಪ. ಮಧ್ಯಪ್ರದೇಶ 2005ರಲ್ಲಿ ತನ್ನ ನಿಗಮವನ್ನೇ ಮುಚ್ಚಿತು. ಇಪ್ಪತ್ತು ವರ್ಷ ಕಳೆದು 2025ರಲ್ಲಿ ಹೊಸ ಸರ್ಕಾರಿ ಸಾರಿಗೆ ವ್ಯವಸ್ಥೆಗೆ ಮತ್ತೆ ಸಂಪುಟದ ಒಪ್ಪಿಗೆ ಕೊಡಬೇಕಾಯಿತು.

ಆದರೆ ಒಂದರ ಗಳಿಕೆಯಿಂದ ಇನ್ನೊಂದರ ನಷ್ಟ ತುಂಬುವ ವ್ಯವಸ್ಥೆ ನಿಲ್ಲಬೇಕಾದರೆ ಗಳಿಸುವ ಮಾರ್ಗಗಳು ಸಾಕಷ್ಟಿರಬೇಕು. ದೂರದೂರಿನ ಪ್ರಯಾಣಿಕರು ಖಾಸಗಿ ಸ್ಲೀಪರ್ ಬಸ್ಸಿಗೆ, ರೈಲಿಗೆ ಹೋದರು. ಪ್ರಯಾಣ ದರ ಏರಿಸುವ ಅಧಿಕಾರ ಸರ್ಕಾರದ ಕೈಯಲ್ಲಿ. 2020ರ ಏರಿಕೆಯ ಬಳಿಕ ಮುಂದಿನ ಶೇ 15ರ ಏರಿಕೆಗೆ 2025ರ ಜನವರಿಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಡೀಸೆಲ್ ದರ, ಸಂಬಳದ ಹೊರೆ ಏರಿದ್ದವು. 2020ರ ಡಿಸೆಂಬರ್, 2021ರ ಏಪ್ರಿಲ್, 2025ರ ಆಗಸ್ಟ್, ಸಾರಿಗೆ ನೌಕರರ ಈ ಮೂರೂ ಮುಷ್ಕರಗಳ ಹಿಂದಿದ್ದುದು ಇದೇ ಇಕ್ಕಟ್ಟು. ಸಂಬಳ ಬಾಕಿಯಿರುವ ನೌಕರನೂ ಬಸ್ಸು ಕಾಯುವ ಹಳ್ಳಿಯವನೂ ಎದುರಾಳಿಗಳಲ್ಲ, ಒಂದೇ ಕೊರತೆಯನ್ನು ಎರಡು ತುದಿಯಿಂದ ಉಣ್ಣುತ್ತಿರುವವರು.

ಪರವಾನಗಿ ಬಿಡಿ ಎನ್ನುವವರು

ಎರಡನೆಯ ವಾದ ಇದಕ್ಕೆ ತದ್ವಿರುದ್ಧ. ಐವತ್ತು ಸೀಟಿನ ಬಸ್ಸನ್ನು ಮುನ್ನೂರು ಜನರ ಹಳ್ಳಿಗೆ ಕಳುಹಿಸುವುದೇ ತಪ್ಪು. ಅಲ್ಲಿಗೆ ಬೇಕಾದದ್ದು ಹನ್ನೆರಡು ಸೀಟಿನ ಗಾಡಿ, ಅದನ್ನು ಊರಿನವನೇ ಓಡಿಸಬಲ್ಲ ಎನ್ನುತ್ತಾರೆ ಇವರು. ಕರಾವಳಿಯನ್ನು ನೋಡಿ, ಐದು ಹತ್ತು ನಿಮಿಷಕ್ಕೊಂದು ಬಸ್ಸು ಎಂದು ಬೆರಳು ತೋರುತ್ತಾರೆ. ವಿಜಯಪುರ, ಕಲಬುರಗಿಯ ಕಡೆ ಕ್ರೂಸರ್ ಮತ್ತು ಟಂಟಂ, ಹಳೆ ಮೈಸೂರಿನಲ್ಲಿ ಮ್ಯಾಕ್ಸಿಕ್ಯಾಬ್, ಮಲೆನಾಡಿನಲ್ಲಿ ಜೀಪು, ಹೀಗೆ ಜನ ತಾವೇ ಕಂಡುಕೊಂಡ ಸಾರಿಗೆ ಆಗಲೇ ಇದೆ. ಕಾನೂನಿನ ಪ್ರಕಾರ ಒಪ್ಪಂದ ವಾಹನ ದಾರಿಯುದ್ದಕ್ಕೂ ಒಬ್ಬೊಬ್ಬರನ್ನು ಹತ್ತಿಸಿ ಇಳಿಸುವಂತಿಲ್ಲ. ಹಾಗಾಗಿ ಹಳ್ಳಿಗೆ ಆಸರೆಯಾದ ಗಾಡಿಯೇ ಪರವಾನಗಿ ಮೀರಿದ ಗಾಡಿಯೂ ಆಗಿದೆ. ದಂಡ, ವಿಮೆಯಿಲ್ಲದ ಪ್ರಯಾಣ, ಮಿತಿಮೀರಿದ ಜನ, ಎಲ್ಲವೂ ಅದರಿಂದಲೇ.

ತಮಿಳುನಾಡು 1997ರಲ್ಲಿ ಈ ವಾದಕ್ಕೊಂದು ಶಿಸ್ತು ಕೊಟ್ಟಿತು. ಖಾಸಗಿ ಮಿನಿಬಸ್ಸಿಗೆ 20 ಕಿ.ಮೀ. ಮಾರ್ಗ, ಅದರಲ್ಲಿ 16 ಕಿ.ಮೀ. ಬೇರೆ ಬಸ್ ಇಲ್ಲದ ದಾರಿಯೇ ಆಗಿರಬೇಕು. 2025ರಲ್ಲಿ ಅದನ್ನು ಪರಿಷ್ಕರಿಸಿ ಮಾರ್ಗದ ಉದ್ದವನ್ನು 25 ಕಿ.ಮೀ.ಗೆ ಏರಿಸಿ, ಶೇ 65ರಷ್ಟಾದರೂ ಬಸ್ಸಿಲ್ಲದ ದಾರಿಯಿರಬೇಕೆಂದಿತು. ನಮ್ಮಲ್ಲೂ ಇದಕ್ಕೆ ಕಾನೂನಿನ ಬಾಗಿಲು ತೆರೆದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್, ಗ್ರಾಮೀಣ ಸಾರಿಗೆಗೆಂದೇ ಪ್ರತ್ಯೇಕ ಯೋಜನೆ ರೂಪಿಸಿ ಪರವಾನಗಿ ಕೊಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ.

ಈ ವಾದದ ಮಿತಿಯೂ ಕಣ್ಣೆದುರಿಗಿದೆ. ಖಾಸಗಿ ಬಸ್ಸು ಜನ ಇರುವ ಹೊತ್ತಿಗೆ ಬರುತ್ತದೆ. ರಾತ್ರಿ ಎಂಟರ ಖಾಲಿ ಟ್ರಿಪ್ಪಿಗೆ ಬರುವುದಿಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಉರುಳಿ, ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಇರುವ ಒಂದು ಬಸ್ಸಿಗೇ ಎಲ್ಲರೂ ಮುಗಿಬೀಳಬೇಕಾದ ಸ್ಥಿತಿ ಎಂಥದ್ದೆಂದು ಆ ದಿನ ತೋರಿಸಿತು. ಬ್ರಿಟನ್ ತನ್ನ 1985ರ ಕಾಯ್ದೆಯಂತೆ ಲಂಡನ್ ಹೊರಗಿನ ಬಸ್ ಸೇವೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಮೂವತ್ತೇಳು ವರ್ಷ ಕಳೆದ ಮೇಲೆ 2023ರಲ್ಲಿ ಮ್ಯಾಂಚೆಸ್ಟರ್ ಪ್ರದೇಶ ಮಾರ್ಗ, ಸಮಯ, ದರಗಳ ಹತೋಟಿಯನ್ನು ಹಂತಹಂತವಾಗಿ ಮರಳಿ ಸಾರ್ವಜನಿಕ ಕೈಗೆ ತೆಗೆದುಕೊಳ್ಳತೊಡಗಿತು. ಬಸ್ಸು ಓಡಿಸುವವರು ಮಾತ್ರ ಈಗಲೂ ಗುತ್ತಿಗೆಯ ಕಂಪನಿಗಳು.

ಪ್ರಯಾಣಿಕರಿಗೆ ಕೊಡಿ ಎನ್ನುವವರು

ಮೂರನೆಯ ವಾದ ಬಸ್ಸಿನಿಂದ ಕಣ್ಣು ತೆಗೆದು ಪ್ರಯಾಣಿಕರನ್ನು ನೋಡುತ್ತದೆ. ವಿದ್ಯಾರ್ಥಿ ಪಾಸು ಇದರ ಹಳೆಯ ರೂಪ. 2006–07ರಲ್ಲಿ ಕರ್ನಾಟಕ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ್ದು ಇನ್ನೊಂದು ರೂಪ. ಬಿಹಾರದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಸೈಕಲ್ ಬಂದ ಮೇಲೆ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು, ಅದೂ ಶಾಲೆ ದೂರವಿದ್ದ ಊರುಗಳಲ್ಲೇ ಹೆಚ್ಚಾಗಿ. ದೂರವೇ ಹುಡುಗಿಯರ ಓದಿಗೆ ಅಡ್ಡಗಟ್ಟಿದ್ದ ಗೋಡೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ವಾದದ ಅತಿ ದೊಡ್ಡ ಪ್ರಯೋಗ 2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ನಿಗಮದ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ. 2025ರ ಜುಲೈ 14ಕ್ಕೆ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅವುಗಳ ಮೌಲ್ಯ 12 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಗಂಡನ ಮುಂದೆಯೋ ಮಗನ ಮುಂದೆಯೋ ಕೈಚಾಚದೆ ಆಸ್ಪತ್ರೆಗೆ, ತವರಿಗೆ, ಕೆಲಸಕ್ಕೆ ಹೋಗಿಬರುವ ಸ್ವಾತಂತ್ರ್ಯದ ಬೆಲೆಯನ್ನು ನಿಗಮದ ಲೆಕ್ಕಪುಸ್ತಕದಲ್ಲಿ ಹುಡುಕಬಾರದು. ಯೋಜನೆಯನ್ನು ಹಗುರವಾಗಿ ಆಡಿಕೊಳ್ಳುವವರು ಹಳ್ಳಿಯ ಹೆಂಗಸಿನ ಕೈಯಲ್ಲಿ ದಿನಕ್ಕೆ ಎಷ್ಟು ಹಣ ಓಡಾಡುತ್ತದೆಂದು ಒಮ್ಮೆ ಕೇಳಿ ನೋಡಬೇಕು.

ಆದರೆ ನೀತಿಯಾಗಿ ನೋಡುವಾಗ ಒಂದು ಸಂಗತಿ ಗಮನಿಸಬೇಕು. ಶಕ್ತಿಯಲ್ಲಿ ಸರ್ಕಾರ ಹಣ ಕೊಡುವುದು ಹರಿದ ಟಿಕೆಟ್ಟಿನ ಲೆಕ್ಕದಲ್ಲಿ. ಜನ ಹೆಚ್ಚಿರುವಲ್ಲಿ ಟಿಕೆಟ್ ಹೆಚ್ಚು, ಹಣವೂ ಹೆಚ್ಚು. ದಿನಕ್ಕೆ ಎರಡೇ ಟ್ರಿಪ್ಪಿರುವ ಊರಿಗೆ ಮೂರನೆಯದನ್ನು ಸೇರಿಸಲು ಈ ಲೆಕ್ಕದಲ್ಲಿ ಪ್ರೇರಣೆಯಿಲ್ಲ. ಬಸ್ಸೇ ಇಲ್ಲದ ಊರಿನ ಹೆಣ್ಣುಮಗಳಿಗೆ ಉಚಿತ ಪ್ರಯಾಣವೂ ಇಲ್ಲ. ಖಾಸಗಿ ಬಸ್ಸೇ ಆಸರೆಯಾದ ಕರಾವಳಿ–ಮಲೆನಾಡಿನವರಿಗೆ ಅದರ ಪಾಲು ಕಡಿಮೆ. ಯೋಜನೆಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಬೇಕೆಂಬುದು 2023ರ ಸೆಪ್ಟೆಂಬರ್‌ನಲ್ಲಿ ಖಾಸಗಿ ಸಾರಿಗೆ ಒಕ್ಕೂಟ ನಡೆಸಿದ ಬೆಂಗಳೂರು ಬಂದ್‌ನ ಬೇಡಿಕೆಗಳಲ್ಲಿ ಒಂದಾಗಿತ್ತು. ಮರುಪಾವತಿ ಸಕಾಲಕ್ಕೆ ಪೂರ್ತಿ ಬರುವುದಿಲ್ಲ ಎಂಬುದು ನೌಕರ ಸಂಘಟನೆಗಳ ದೂರು.

ಊರೇ ನಡೆಸಲಿ ಎನ್ನುವವರು

ನಾಲ್ಕನೆಯ ವಾದ ಸಹಕಾರ ಮತ್ತು ಪಂಚಾಯಿತಿಯದ್ದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಸಾರಿಗೆ ಕಂಪನಿಯೊಂದು ನಿಂತಾಗ ಅದರ ಕಾರ್ಮಿಕರೇ 1991ರಲ್ಲಿ ಸಂಘ ಕಟ್ಟಿ ಬಸ್ ಓಡಿಸಿದರು. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾದ 'ಸಹಕಾರ ಸಾರಿಗೆ' ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳಿಗೆ ಬೆಳೆಯಿತು. ಮಲೆನಾಡಿನ ಒಳದಾರಿಗಳ ಕೊನೆಯ ಮನೆಯವರೆಗೂ ಅದರ ಹೆಸರು ಮುಟ್ಟಿತ್ತು. ಓಡಿಸುವವನೇ ಮಾಲೀಕನಾದರೆ ಬಸ್ಸು ಹೇಗೆ ಓಡುತ್ತದೆಂಬುದಕ್ಕೆ ನಾಡಿನಾಚೆಗೂ ಅದನ್ನು ಉದಾಹರಣೆಯಾಗಿ ಹೇಳುತ್ತಿದ್ದರು. ಸುಮಾರು ಮೂರು ದಶಕ ನಡೆದು 2020ರಲ್ಲಿ ನಷ್ಟ ತಾಳಲಾರದೆ ಅದು ನಿಂತಿತು. ಡೀಸೆಲ್, ತೆರಿಗೆ, ವಿಮೆಗಳ ಭಾರ ಅದಕ್ಕೂ ತಪ್ಪಲಿಲ್ಲ. ನಿಷ್ಠೆ, ಪ್ರಾಮಾಣಿಕತೆ, ಊರಿನ ಪ್ರೀತಿ ಎಲ್ಲ ಇದ್ದರೂ ಖಾಲಿ ಟ್ರಿಪ್ಪಿನ ಖರ್ಚನ್ನು ಯಾರಾದರೂ ಕೊಡಲೇಬೇಕು ಎಂಬ ಪಾಠವನ್ನು ಕೊಪ್ಪ ಬಿಟ್ಟುಹೋಗಿದೆ.

ಕೇರಳ ಆ ಖರ್ಚಿಗೆ ಒಂದು ದಾರಿ ಹುಡುಕಿತು. 2022ರ ಜುಲೈನಲ್ಲಿ ಆರಂಭವಾದ 'ಗ್ರಾಮವಂಡಿ' ಯೋಜನೆಯಲ್ಲಿ ಬಸ್ಸು, ಸಿಬ್ಬಂದಿ, ದುರಸ್ತಿ ನಿಗಮದ್ದು. ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದ್ದು. ಹಣ ಕೊಟ್ಟ ಪಂಚಾಯಿತಿಗೆ ಮಾರ್ಗ, ಸಮಯದ ಬಗ್ಗೆ ಮಾತಾಡುವ ಹಕ್ಕೂ ಬಂತು. ಕೇಂದ್ರ ಸರ್ಕಾರ 2017ರಲ್ಲಿ ತಂದ ಆಜೀವಿಕಾ ಗ್ರಾಮೀಣ ಎಕ್ಸ್‌ಪ್ರೆಸ್ ಯೋಜನೆ ಸ್ವಸಹಾಯ ಸಂಘಗಳ ಸದಸ್ಯರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು ಗಾಡಿ ಓಡಿಸುವಂತೆ ಮಾಡಿತು. ಕರ್ನಾಟಕದಲ್ಲಿ ಈ ದಾರಿಗೆ ಅಡ್ಡಿ ಎರಡು. ಗ್ರಾಮ ಪಂಚಾಯಿತಿಗಳ ಸ್ವಂತ ವರಮಾನ ತೆಳು. ಸಂವಿಧಾನದ ಹನ್ನೊಂದನೇ ಅನುಸೂಚಿ ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿಗಳನ್ನು ಹೆಸರಿಸುತ್ತದೆ. ಬಸ್ಸಿನ ಹೆಸರು ಅಲ್ಲಿಲ್ಲ.

ಸೇವೆಯನ್ನು ಮೊದಲು ಬರೆಯಿರಿ ಎನ್ನುವವರು

ಐದನೆಯ ವಾದ ಇತ್ತೀಚಿನದು, ನನಗೆ ಹೆಚ್ಚು ಸರಿ ಕಾಣುವುದೂ ಇದೇ. ಯಾರು ಓಡಿಸಬೇಕು ಎಂಬುದು ಎರಡನೆಯ ಪ್ರಶ್ನೆ, ಏನು ಸಿಗಬೇಕು ಎಂಬುದು ಮೊದಲನೆಯದು ಎನ್ನುತ್ತದೆ ಅದು. ಇಷ್ಟು ಜನವಸತಿಯ ಊರಿಗೆ ದಿನಕ್ಕೆ ಇಷ್ಟು ಟ್ರಿಪ್ಪು, ಕಾಲೇಜಿನ ಗಂಟೆಗೆ ಮೊದಲು ಒಂದು, ಕತ್ತಲಾದ ಮೇಲೆ ಒಂದು ಎಂದು ಸರ್ಕಾರ ಬರೆದುಕೊಡಲಿ. ಆ ಸೇವೆಗೆ ಕಿಲೊಮೀಟರ್ ಲೆಕ್ಕದಲ್ಲಿ ಹಣ ಕೊಡಲಿ. ನಿಗಮ ಓಡಿಸಲಿ, ಸಹಕಾರ ಸಂಘ ಓಡಿಸಲಿ, ಮಿನಿಬಸ್ಸಿನವನು ಓಡಿಸಲಿ, ಬಸ್ಸು ಬಾರದ ದಿನ ದಂಡ ಕಟ್ಟಲಿ. ಸ್ವಿಟ್ಜರ್ಲೆಂಡಿನಲ್ಲಿ ನೂರು ಜನರಿರುವ ವಸತಿಯೂ ಸರ್ಕಾರದ ನೆರವಿನ ಸಾರಿಗೆಗೆ ಅರ್ಹ. ಅಷ್ಟು ಸಿರಿವಂತ ದೇಶದ ಖರ್ಚನ್ನು ನಾವು ಅನುಕರಿಸಲಾರೆವು, ಆದರೆ ಊರಿಗೊಂದು ಕನಿಷ್ಠ ಸೇವೆ ಎಂಬ ತತ್ವಕ್ಕೆ ಸಿರಿತನ ಬೇಕಿಲ್ಲ. ಪಡಿತರ ಅಂಗಡಿ, ಅಂಗನವಾಡಿ, ಪ್ರಾಥಮಿಕ ಶಾಲೆಗೆ ಇಷ್ಟು ಜನಕ್ಕೆ ಒಂದು, ಇಷ್ಟು ದೂರಕ್ಕೆ ಒಂದು ಎಂಬ ಮಾನದಂಡ ನಮ್ಮಲ್ಲಿದೆ. ಬಸ್ಸಿಗೆ ಮಾತ್ರ ಇಲ್ಲ.

ದೆಹಲಿಯ ಮಟ್ಟದಲ್ಲೂ ಇದೇ ಕೊರತೆ. ನಗರ ಸಾರಿಗೆಗೆ 2006ರಲ್ಲೇ ರಾಷ್ಟ್ರೀಯ ನೀತಿ ಬಂತು. 2023ರ ಪಿಎಂ ಇ–ಬಸ್ ಸೇವಾ ಯೋಜನೆಯ 10,000 ಬಸ್ಸುಗಳೂ ನಗರಗಳಿಗೇ. ಹಳ್ಳಿಗೆ ರಸ್ತೆ ಮಾಡುವ ರಾಷ್ಟ್ರೀಯ ಯೋಜನೆಯಿದೆ, ಆ ರಸ್ತೆಯ ಮೇಲೆ ಬಸ್ಸು ಓಡಿಸುವ ಅಂಥ ನೀತಿ ಇಲ್ಲ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಕನಿಷ್ಠ ಸೇವೆಯ ವಾದವೂ ಎಲ್ಲವನ್ನೂ ಬಿಡಿಸಿಲ್ಲ. ಮಾನದಂಡ ಜನಸಂಖ್ಯೆಯದ್ದಿರಬೇಕೇ ದೂರದ್ದಿರಬೇಕೇ? ಜನಸಂಖ್ಯೆಯೆಂದರೆ ಒಂಟಿ ಮನೆಗಳ ಮಲೆನಾಡಿಗೆ ಅನ್ಯಾಯ. ದೂರವೆಂದರೆ ಒತ್ತೊತ್ತಾಗಿ ಊರುಗಳಿರುವ ಬಯಲುಸೀಮೆಗೆ ಅನ್ಯಾಯ. ಟಿಕೆಟ್ ಲೆಕ್ಕದ ಹಣವನ್ನು ಕಿಲೊಮೀಟರ್ ಲೆಕ್ಕಕ್ಕೆ ತಿರುಗಿಸಿದರೆ ಖಾಲಿ ಬಸ್ಸನ್ನು ಸುಮ್ಮನೆ ಓಡಿಸಿ ಬಿಲ್ ಮಾಡುವ ದುರುಪಯೋಗವನ್ನು ತಡೆಯುವವರು ಯಾರು? ಕ್ರೂಸರ್, ಟಂಟಂಗಳಿಗೆ ಮಾನ್ಯತೆ ಕೊಟ್ಟರೆ ನಿಗಮದ ಉಳಿದ ಗಳಿಕೆಯೂ ಹೋಗುತ್ತದೋ, ಅಥವಾ ಹಳ್ಳಿಯಿಂದ ಹೆದ್ದಾರಿಗೆ ಜನರನ್ನು ತಂದು ನಿಗಮಕ್ಕೇ ನೆರವಾಗುತ್ತವೋ? ಎರಡನ್ನೂ ಖಚಿತವಾಗಿ ಹೇಳುವವರಿದ್ದಾರೆ. ನಮ್ಮ ನೆಲದಲ್ಲಿ ಪ್ರಯೋಗ ಮಾಡಿ ನೋಡದೆ ಯಾರ ಮಾತನ್ನೂ ಒಪ್ಪಲಾಗದು. ಪ್ರಯಾಣ ದರ ಯಾರು ನಿಗದಿ ಮಾಡಬೇಕು, ಚುನಾಯಿತ ಸರ್ಕಾರವೋ ಸ್ವತಂತ್ರ ಸಮಿತಿಯೋ ಎಂಬ ಚರ್ಚೆಯೂ ಮುಗಿದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಮಾಹಿತಿಯದ್ದು. ನಿರ್ವಾಹಕರ ಕೈಯ ಟಿಕೆಟ್ ಯಂತ್ರ ಬಸ್ ಹತ್ತಿದವರನ್ನು ಎಣಿಸುತ್ತದೆ. ನಿಲ್ದಾಣದಲ್ಲೇ ಉಳಿದವರನ್ನು, ಬಸ್ಸಿಲ್ಲವೆಂದು ಪಿಯುಸಿಗೆ ಸೇರದ ಹುಡುಗಿಯನ್ನು, ಡಯಾಲಿಸಿಸ್‌ನ ಒಂದು ವಾರ ತಪ್ಪಿಸಿದ ಅಜ್ಜನನ್ನು ಎಣಿಸುವ ಯಂತ್ರವಿಲ್ಲ. ನೀತಿ ರೂಪಿಸುವವರ ಮೇಜಿನ ಮೇಲಿರುವುದು ಬಸ್ ಸಿಕ್ಕವರ ಲೆಕ್ಕವೊಂದೇ.

ಈ ಲೆಕ್ಕವನ್ನು ಹಳ್ಳಿಗಳೇ ಬರೆಯತೊಡಗಬಹುದು. ಮುಂದಿನ ಗ್ರಾಮಸಭೆಗೆ ಹೋಗುವ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಮೊದಲ ಬಸ್ಸು ಎಷ್ಟು ಗಂಟೆಗೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಕಳೆದ ತಿಂಗಳು ಯಾವ ಯಾವ ದಿನ ಬರಲಿಲ್ಲ ಎಂಬ ಮೂರು ಸಾಲುಗಳನ್ನು ನಡಾವಳಿಯಲ್ಲಿ ಬರೆಸಿ, ನಿರ್ಣಯ ಮಾಡಿಸಿ, ಡಿಪೊಗೂ ಜಿಲ್ಲಾಧಿಕಾರಿಗೂ ಪ್ರತಿ ಕಳುಹಿಸಿ. ರಸ್ತೆ ತಡೆದಾಗ ಸಿಗುವ ಭರವಸೆ ಬಾಯಿಮಾತಿನದು. ನಡಾವಳಿಯ ಸಾಲು ಮಾತ್ರ ಅಧಿಕಾರಿಗೆ ವರ್ಗಾವಣೆಯಾದ ಮೇಲೂ ಕಡತದಲ್ಲಿರುತ್ತದೆ.